ಸಾರ್ವಜನಿಕ ಗ್ರಂಥಾಲಯವು ಸಾಮಾಜಿಕ ಜಾಲತಾಣದಲ್ಲಿ ಓದುಗರೊಡನೆ ಮಾತನಾಡುವ ಬಗೆ

ಗ್ರಂಥಾಲಯದ ಹೆಸರಿನಲ್ಲಿ ಖಾತೆ ತೆರೆಯುವುದಕ್ಕೆ ಮುನ್ನ, ಅಲ್ಲಿಗೆ ಬರುವ ಪ್ರಶ್ನೆಗಳಿಗೆ ಯಾರು, ಯಾವ ವೇಳೆಯಲ್ಲಿ ಉತ್ತರಿಸುತ್ತಾರೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ರಜಾದಿನಗಳನ್ನೂ ಹೊಸ ಪುಸ್ತಕಗಳ ಪಟ್ಟಿಯನ್ನೂ ಹಾಕಿ ಸುಮ್ಮನಾಗುವ ಖಾತೆ ಬರಿಯ ಸೂಚನಾಫಲಕವಾಗುತ್ತದೆ. ನಿಜವಾಗಿ ಅದು ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ಪರಾಮರ್ಶನ ವಿಭಾಗದ ಇನ್ನೊಂದು ಮೇಜಾಗಬೇಕು. ಓದುಗರ ಸಮಯವನ್ನು ಉಳಿಸಬೇಕೆಂದು ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಇಲ್ಲಿಗೂ ಅನ್ವಯಿಸುತ್ತದೆ.

ಯಾವ ಜಾಲತಾಣ ಎಂಬುದನ್ನು ಎರವಲು ಮೇಜಿಗೆ ಬರುವ ಓದುಗರನ್ನೇ ಕೇಳಿ ತೀರ್ಮಾನಿಸಿರಿ. ಒಂದೆರಡು ಖಾತೆಗಳು ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸದಸ್ಯರ ದೂರವಾಣಿ ಸಂಖ್ಯೆಗಳು ಪರಸ್ಪರ ಕಾಣುವುದರಿಂದ, ಪ್ರಕಟಣೆಗಳಿಗೆ, ಅನುಸರಿಸುವವರ ಸಂಖ್ಯೆಗಳು ಒಬ್ಬರಿಗೊಬ್ಬರಿಗೆ ಕಾಣದ ವಾಟ್ಸ್‌ಆ್ಯಪ್ ಚಾನೆಲ್ ಹೆಚ್ಚು ಸೂಕ್ತ. 24 ಗಂಟೆಗಳಲ್ಲಿ ಮರೆಯಾಗುವ ಇನ್‌ಸ್ಟಾಗ್ರಾಮ್ ಸ್ಟೋರಿ ಅಂದಿನ ವೇಳಾಬದಲಾವಣೆಗೆ ಒಪ್ಪುತ್ತದೆ.

ಪುಸ್ತಕವೊಂದನ್ನು ಪರಿಚಯಿಸುವಾಗ ಮುಖಪುಟದ ಚಿತ್ರವನ್ನಷ್ಟೇ ಹಾಕದೆ, ಅದು ಎಂಥ ಓದುಗರಿಗೆ ಹಿಡಿಸೀತು, ಯಾವ ವಿಭಾಗದಲ್ಲಿದೆ, ಕಾಯ್ದಿರಿಸುವುದು ಹೇಗೆ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಕಾರ್ಯಕ್ರಮದ ದಿನಾಂಕವನ್ನು ಚಿತ್ರದೊಳಗೆ ಮಾತ್ರ ಮುದ್ರಿಸಿದರೆ ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ಅದು ತಲುಪದೆ ಹೋಗಬಹುದು. ಆದ್ದರಿಂದ ಅದೇ ವಿವರ ಪಠ್ಯದಲ್ಲೂ ಇರಲಿ. ಸಂಗ್ರಹದಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ಹಂಚಿ, ಅದರಲ್ಲಿರುವ ಸ್ಥಳ ಯಾವುದೆಂದು ಕೇಳುವುದು ಬಹಳ ಫಲ ಕೊಡುವ ಕ್ರಮ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಛಾಯಾಚಿತ್ರ ಹಂಚುವ ಜಾಲತಾಣವಾದ ಫ್ಲಿಕರ್‌ನಲ್ಲಿ ಸುಮಾರು 3,000 ಚಿತ್ರಗಳನ್ನು ಪ್ರಕಟಿಸಿದಾಗ ಸಾರ್ವಜನಿಕರು ಒದಗಿಸಿದ ಮಾಹಿತಿಯಿಂದ ಅದರ ಸೂಚಿಯ ವಿವರಗಳೇ ತಿದ್ದುಪಡಿಯಾದವು. ಬಂದ ಉತ್ತರಗಳನ್ನು ಪರಿಶೀಲಿಸಿ ದಾಖಲೆಗೆ ಸೇರಿಸಿಕೊಂಡಾಗ, ಸೇರಿಸಿದ್ದೇವೆಂದು ತಿಳಿಸುವುದನ್ನು ಮಾತ್ರ ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಓದುಗರ ಖಾಸಗಿತನದ ವಿಷಯದಲ್ಲಿ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಗ್ರಂಥಾಲಯ ಕಾಪಾಡಬೇಕಾದ ಗುಟ್ಟು. ಒಬ್ಬರು ತಮ್ಮ ಎರವಲಿನ ಬಗ್ಗೆ ಎಲ್ಲರೆದುರು ಪ್ರಶ್ನಿಸಿದರೂ, ಸದಸ್ಯತ್ವ ಸಂಖ್ಯೆಯನ್ನು ಅಲ್ಲಿ ಕೇಳದೆ, ದೂರವಾಣಿಯಲ್ಲಿ ಅಥವಾ ಮೇಜಿನ ಬಳಿ ವಿಚಾರಿಸುವಂತೆ ಸೌಜನ್ಯದಿಂದ ತಿಳಿಸಬೇಕು. ಮಕ್ಕಳ ಕಥಾಸಮಯದ ಚಿತ್ರಗಳನ್ನು ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಹಾಕಬಾರದು. ಹಿಂದಿನಿಂದ ತೆಗೆದ, ಮುಖ ಕಾಣದ ಚಿತ್ರವೂ ಸಂತೋಷವನ್ನು ಚೆನ್ನಾಗಿಯೇ ತೋರಿಸುತ್ತದೆ.

ಟೀಕೆಗಳನ್ನು ಅಳಿಸಬೇಡಿ. ನಿಂದನೆ, ಅನ್ಯರ ಖಾಸಗಿ ವಿವರ, ಜಾಹೀರಾತು, ಇವನ್ನು ಮಾತ್ರ ತೆಗೆಯಲಾಗುವುದೆಂಬ ನಿಯಮವನ್ನು ಮೊದಲೇ ಪ್ರಕಟಿಸಿರಿ. ಗ್ರಂಥಾಲಯದ ಸೇವೆಗಳು ಸೈದ್ಧಾಂತಿಕ, ರಾಜಕೀಯ ಅಥವಾ ಧಾರ್ಮಿಕ ನಿರ್ಬಂಧಕ್ಕೆ ಒಳಗಾಗಬಾರದೆಂದು ಯುನೆಸ್ಕೋ ಮತ್ತು ಇಫ್ಲಾ (ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಸಂಸ್ಥೆಗಳ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಹೇಳುತ್ತದೆ. ಜಾಲತಾಣದ ಖಾತೆಯೂ ಒಂದು ಸೇವೆಯೇ.

ಖಾತೆಯನ್ನು ಸಿಬ್ಬಂದಿಯೊಬ್ಬರ ಸ್ವಂತ ಇಮೇಲ್‌ಗೆ ಜೋಡಿಸದೆ ಸಂಸ್ಥೆಯ ವಿಳಾಸಕ್ಕೆ ಜೋಡಿಸಿದರೆ, ಅವರು ವರ್ಗಾವಣೆಯಾದ ಮೇಲೂ ಅದು ಕೈತಪ್ಪುವುದಿಲ್ಲ. ಮೊಬೈಲ್ ಇಲ್ಲದ ಓದುಗರೂ ಇರುವುದರಿಂದ, ಜಾಲತಾಣದಲ್ಲಿ ಪ್ರಕಟಿಸಿದ ಪ್ರತಿಯೊಂದು ಸೂಚನೆಯನ್ನು ಅದೇ ದಿನ ಬಾಗಿಲ ಬಳಿಯ ಫಲಕದಲ್ಲೂ ಅಂಟಿಸಿರಿ.