ಕೊಳೆಯುತ್ತಿದ್ದ ಉರುಳಗಡ್ಡೆ ಮೊಳೆತದ್ದು ಹೀಗೆ

ನಮ್ಮದು ಚಿಂತಾಮಣಿ ಹತ್ತಿರ ಕೆಂಪು ಮಣ್ಣಿನ ಹೊಲ. ಹೋದ ಸಲ ನೆಟ್ಟ ಉರುಳಗಡ್ಡೆ ಅರ್ಧಕ್ಕರ್ಧ ಮೇಲೇಳಲೇ ಇಲ್ಲ. ಕೆದಕಿ ನೋಡಿದರೆ ಬಿತ್ತನೆ ತುಂಡು ಲೊಳಲೊಳ, ಮೂಗು ಮುಚ್ಚುವಂಥ ವಾಸನೆ. ಸುಮ್ನೆ ಮಣ್ಣನ್ನು ಬೈದೆ. ತಪ್ಪು ನನ್ನದೇ. ಕುಯ್ದ ತಕ್ಷಣ ಒದ್ದೆ ಸಾಲಿಗೆ ಇಟ್ಟಿದ್ದೆ.

ಈ ಸಲ ತುಂಡಿಗೆ ಎರಡು ಕಣ್ಣಾದರೂ ಉಳಿಯುವಂತೆ ಕುಯ್ದೆ. ಕುಯ್ದ ಮೈಗೆ ಜರಡಿ ಹಿಡಿದ ಒಲೆಬೂದಿ ಸವರಿ, ನೆರಳಲ್ಲಿ ಗೋಣಿಚೀಲದ ಮೇಲೆ 3 ದಿನ ಹರಡಿದೆ. ಮೈ ಒಣಗಿ, ಬೆರಳಿಗೆ ಒರಟು ಸಿಪ್ಪೆಯಂತೆ ಸಿಕ್ಕಿತು. ಆಮೇಲೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿದ ಸಾಲಿನಲ್ಲಿ ನೆಟ್ಟೆ. ಮೊಳಕೆ ಕಾಣುವವರೆಗೆ ನೀರು ಜಾಸ್ತಿ ಬಿಡಲಿಲ್ಲ. ಒಂದೆರಡು ಬಿಟ್ಟರೆ ಎಲ್ಲವೂ ಎದ್ದವು.

ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿದೆ. ಬಿಸಿಲು ಬಿದ್ದು ಗಡ್ಡೆ ಹಸಿರಾದರೆ ಸಾರಿಗೂ ಬಾರದು, ಅಲ್ವಾ?