ಕೆಲಸದ ಜಾಗದಲ್ಲಿ ಕಿರುಕುಳವಾದರೆ ಮೊದಲು ಬರೆದಿಡಿ
ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಫ್ಯಾಕ್ಟರಿ, ಆಫೀಸುಗಳಲ್ಲಿ ದುಡಿಯುವ ಅಕ್ಕತಂಗಿಯರೇ, ಯಾರಾದರೂ ಅಸಭ್ಯವಾಗಿ ಮಾತಾಡಿದರೆ, ಮೈ ಮುಟ್ಟಿದರೆ ಸುಮ್ನೆ ನುಂಗಿಕೊಳ್ಳಬೇಡಿ. ಅವತ್ತೇ ತಾರೀಕು, ಹೊತ್ತು, ಜಾಗ, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಎಲ್ಲ ಬರೆದಿಡಿ. ವಾಟ್ಸಾಪ್ ಮೆಸೇಜ್ ಬಂದಿದ್ದರೆ ಅಳಿಸಬೇಡಿ. ಸಿಟ್ಟಿನಲ್ಲಿ ಅಳಿಸಿಬಿಟ್ಟರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ, ಅಲ್ವಾ?

ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ಚಿಕ್ಕ ಅಂಗಡಿಯಾದರೆ, ಇಲ್ಲವೇ ದೂರು ಮಾಲೀಕರ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ದೂರು ಬರಹದಲ್ಲೇ ಇರಲಿ, ಘಟನೆ ನಡೆದ 3 ತಿಂಗಳೊಳಗೆ ಕೊಡಿ. ಬರೆಯಲು ಬರದಿದ್ದರೆ ಸಮಿತಿಯವರೇ ನೆರವಾಗಬೇಕು. ವಿಚಾರಣೆ ನಡೆಯುವಾಗ ಬೇರೆ ಕಡೆಗೆ ವರ್ಗ ಅಥವಾ ರಜೆ ಕೊಡಿಸಿ ಎಂದು ಬರೆದು ಕೇಳಬಹುದು. ಇದು ತುಂಬಾ ಜನರಿಗೆ ಗೊತ್ತಿಲ್ಲ, ದಯವಿಟ್ಟು ಕೇಳಿ.