ಚಿಂತೆಗೂ ಒಂದು ಲೆಕ್ಕದ ಪುಸ್ತಕ ಇಟ್ಟೆ

ತುಮಕೂರಿನಲ್ಲಿ ನನ್ನದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಸಾಲ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಯಾರಾದರೂ ಕಂಟ್ರಾಕ್ಟರ್ ಎರಡು ದಿನ ಫೋನ್ ಎತ್ತದಿದ್ದರೆ ಸಾಕು. ದುಡ್ಡು ಮುಳುಗಿತು, ಅಂಗಡಿ ಮುಚ್ಚಬೇಕು, ಮಗಳ ಫೀಸ್ ಕಟ್ಟೋಕಾಗಲ್ಲ ಎನ್ನುವವರೆಗೂ ತಲೆ ಓಡುತ್ತಿತ್ತು. ಇಷ್ಟೂ ಹತ್ತೇ ನಿಮಿಷದಲ್ಲಿ.

ಧ್ಯಾನ, ಉಸಿರಾಟ, ಡೈರಿ ಎಲ್ಲ ನಿಮಗೂ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ನಾನು ಕಳೆದ ದುಡ್ಡು ಮಾತ್ರ ಹೇಳುತ್ತೇನೆ. ಮೂರು ದಿನದ ಶಿಬಿರಕ್ಕೆ ನಾಲ್ಕೂವರೆ ಸಾವಿರ, ಒಂದು ಆ್ಯಪ್‌ಗೆ ವರ್ಷಕ್ಕೆ ಸುಮಾರು ಎರಡು ಸಾವಿರ. ಶಿಬಿರದಲ್ಲಿ ಚೆನ್ನಾಗಿಯೇ ಇದ್ದೆ. ಸೋಮವಾರ ಷಟರ್ ಎತ್ತುತ್ತಲೇ ಎಲ್ಲ ವಾಪಸ್ ಬಂತು.

ಆಮೇಲೆ ದೇವರಾಯನದುರ್ಗ. ಊರಿಂದ ಹದಿನೈದು ಕಿಲೋಮೀಟರ್ ಅಷ್ಟೇ. ಒಂದು ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲೆ ನಿಂತು ಬೈನಾಕ್ಯುಲರ್‌ನಲ್ಲಿ ನನ್ನ ಅಂಗಡಿ ಹುಡುಕಿದೆ. ಅಂಗಡಿ ಇರಲಿ, ನಮ್ಮ ರಸ್ತೆ ಕೂಡ ಸಿಗಲಿಲ್ಲ. ಎದೆ ಹಗುರಾಯಿತು. ಅದೇ ಬೈನಾಕ್ಯುಲರ್, ಐದೂವರೆ ಸಾವಿರದ್ದು, ಕಾರ್ತಿಕ ಮಾಸದಲ್ಲಿ ತಾರಸಿಗೆ ಒಯ್ದು ಕೃತ್ತಿಕೆ ನೋಡಿದೆ. ಬರಿಗಣ್ಣಿಗೆ ಆರೇಳು ಚುಕ್ಕಿ, ಬೈನಾಕ್ಯುಲರ್‌ನಲ್ಲಿ ಹತ್ತಾರು. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಸುಮಾರು 440 ವರ್ಷ ಬೇಕು. ತಾಳಿಕೋಟೆ ಯುದ್ಧ 1565ರಲ್ಲಿ. ಅದಾಗಿ ಇಪ್ಪತ್ತು ವರ್ಷಕ್ಕೆ ಹೊರಟ ಬೆಳಕು ಆವತ್ತು ನನ್ನ ಕಣ್ಣಿಗೆ ಬಿತ್ತು. ಆ ರಾತ್ರಿ ಮಗುವಿನ ಹಾಗೆ ಮಲಗಿದೆ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಚೆಕ್ ಬೌನ್ಸ್ ಆದಾಗ ಕೃತ್ತಿಕೆ ಎಲ್ಲಿ ಹುಡುಕಲಿ? ಗಲ್ಲಾದ ಪಕ್ಕದಲ್ಲೇ ಸಿಗುವಂಥದ್ದು ಬೇಕಿತ್ತು.

ಒಂದು ದಿನ ಸಾಲದ ಪುಸ್ತಕ ತಿರುವುತ್ತಾ ಹೊಳೆಯಿತು. ಗಿರಾಕಿ ಹೇಳಿದ್ದನ್ನೆಲ್ಲ ನಾನು ನಂಬುವುದಿಲ್ಲ. ಬರೆದುಕೊಂಡು, ವಾಯಿದೆ ಹಾಕಿ, ಆ ದಿನ ನೋಡುತ್ತೇನೆ. ನನ್ನ ತಲೆ ಹೇಳಿದ್ದನ್ನು ಮಾತ್ರ ಸ್ಥಳದಲ್ಲೇ ನಂಬುತ್ತಿದ್ದೆ, ಅಲ್ವಾ? ನೂರಾ ಇಪ್ಪತ್ತು ರೂಪಾಯಿ ಕೊಟ್ಟು ಇನ್ನೊಂದು ಉದ್ದ ಪುಸ್ತಕ ತಂದೆ. ತಾರೀಖು, ಬಂದ ಯೋಚನೆ, ರೂಪಾಯಿಗೆ ಎಷ್ಟು ಪೈಸೆ ನಿಜ ಅನಿಸುತ್ತೆ, ನಲವತ್ತು ದಿನದ ವಾಯಿದೆ. ಆ ದಿನ ಬಂದಾಗ ಕೆಂಪು ಪೆನ್ನಿನಲ್ಲಿ ಏನಾಯಿತು ಅಂತ ಬರೆಯುವುದು.

ಪಕ್ಕದ ಅಂಗಡಿಯವರು ನೋಡಿ, “ಅಣ್ಣಾ, ಚಿಂತೆ ಬರೆದಿಟ್ಟರೆ ಬಡ್ಡಿ ಸಮೇತ ಬರುತ್ತೆ” ಅಂದರು. ಮನೆಯವಳೂ, “ಸುಮ್ನೆ ಇರಬಾರದೇನ್ರೀ” ಅಂದಳು.

ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು. ಮಲಗುವ ಮುಂಚೆ ಬರೆಯುತ್ತಿದ್ದೆ, ನಿದ್ದೆ ಇನ್ನೂ ಕೆಟ್ಟಿತು. ಫೋನ್‌ನಲ್ಲಿ ಬರೆಯಲು ಹೋದರೆ ವಾಟ್ಸಾಪ್‌ನಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಒಂದು ವಾರದ ವಾಯಿದೆ ಹಾಕಿದಾಗ ಯಾವುದೂ ಇತ್ಯರ್ಥ ಆಗುತ್ತಿರಲಿಲ್ಲ. ಕೊನೆಗೆ ಮಧ್ಯಾಹ್ನ ಮೂರೂವರೆಗೆ, ಗಿರಾಕಿ ಕಡಿಮೆ ಇರುವ ಹೊತ್ತಿಗೆ, ಐದೇ ನಿಮಿಷ ಅಂತ ಇಟ್ಟುಕೊಂಡೆ. ವಾಯಿದೆಯನ್ನು ಮತ್ತೆ ನಲವತ್ತು ದಿನದ ಕೆಳಗೆ ಇಳಿಸಲಿಲ್ಲ. ಆಗ ಹಿಡಿತ ಸಿಕ್ಕಿತು.

ಹದಿನಾಲ್ಕು ತಿಂಗಳಲ್ಲಿ ಮುನ್ನೂರು ಚಿಲ್ಲರೆ ಯೋಚನೆ ಬರೆದಿದ್ದೇನೆ. ನಿಜವಾಗಿದ್ದು ಮೂವತ್ತರ ಹತ್ತಿರ. ಅದರಲ್ಲೂ ನಿಜಕ್ಕೂ ಏಟು ಕೊಟ್ಟಿದ್ದು ಆರೋ ಏಳೋ. ಒಬ್ಬರಿಂದ ಮೂವತ್ತೆಂಟು ಸಾವಿರ ಇವತ್ತಿಗೂ ಬಂದಿಲ್ಲ. ಆ ಸಾಲಿನಲ್ಲಿ ನಾನು ಹಾಕಿದ್ದು ಬರೀ ಇಪ್ಪತ್ತು ಪೈಸೆ! ತೊಂಬತ್ತು ಪೈಸೆ ಹಾಕಿದ್ದ ಯೋಚನೆಗಳು ಜಾಸ್ತಿ ಸುಳ್ಳಾದವು. ಈಗ ಎದೆ ಡವಡವ ಅಂದಾಗ ಹಿಂದಿನ ನಾಲ್ಕು ಪುಟ ತಿರುವುತ್ತೇನೆ. ಇಂಥದ್ದೇ ಹತ್ತು ಯೋಚನೆ ಸುಳ್ಳಾಯಿತು ಅಂತ ಕೆಂಪು ಶಾಯಿಯಲ್ಲಿ ಮುಗಿದಿರುತ್ತವೆ. ನಮ್ಮ ಬೀದಿಯಲ್ಲಿ ಈ ಕೆಲಸ ಮೊದಲು ಮಾಡಿದವನು ನಾನೇ ಅಂತ ಹೆಮ್ಮೆಯಿಂದ ಹೇಳುತ್ತೇನೆ.

ಪುಸ್ತಕದಲ್ಲಿ ಇವಲ್ಲದೆ ಇನ್ನೂ ಒಂದು ಕಾಲಂ ಇದೆ. ಅರ್ಧ ಕೆಲಸ ಅದರದೇ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಆರು ತಿಂಗಳು ಬರೆದವರಿಗೆ ತಾನಾಗಿ ಗೊತ್ತಾಗುತ್ತದೆ.

ಇದು ದಿನನಿತ್ಯದ ಚಿಂತೆಗೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ, ಬದುಕೇ ಬೇಡ ಅನಿಸಿದರೆ ಪುಸ್ತಕ ನಂಬಿ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ, ಇಲ್ಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ದೀಪಾವಳಿಗೆ ಮನೆಯವಳೂ ಒಂದು ಪುಸ್ತಕ ಶುರು ಮಾಡಿದ್ದಾಳೆ. ಅವಳದ್ದೆಲ್ಲ ಮಗಳ ಓದು, ಮದುವೆ, ಅಮ್ಮನ ಮಂಡಿ ನೋವು. ನಲವತ್ತು ದಿನಕ್ಕೆ ಯಾವುದೂ ತೀರುವುದಿಲ್ಲ ಅಂತ ಅವಳೇ ಒಂದು ವರ್ಷದ ವಾಯಿದೆ ಹಾಕಿಕೊಂಡಿದ್ದಾಳೆ. ಕೆಂಪು ಪೆನ್ನು ಅವಳ ಹತ್ತಿರ ಇನ್ನೂ ಹೊಸದಾಗಿಯೇ ಇದೆ.